ಚಾರ್ಮಾಡಿಯಲ್ಲಿ ಹಿಮ ಬಿದ್ದಿತ್ತಂತೆ, 1988ರಲ್ಲಿ! ಅಮ್ಮನ ಮಾತು ನಂಬುವುದಾ, ಬೇಡವಾ?

ಕಡಿಯಾಳಿ_ಕಿರಿಯ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾರದಿಂದ ಚರ್ಚೆ ಮುಗಿಯುತ್ತಿಲ್ಲ. ನೀವೇ ಪಂಚಾಯ್ತಿಕೆ ಮಾಡಬೇಕು.

1988ರ ಡಿಸೆಂಬರ್. ನನಗೆ ಆಗ ಎಂಟು ತಿಂಗಳು, ಹಾಗಾಗಿ ನನ್ನ ಸಾಕ್ಷಿ ಲೆಕ್ಕಕ್ಕಿಲ್ಲ. ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ಅಜ್ಜಿ, ಅಣ್ಣ, ಇಬ್ಬರು ಅಕ್ಕಂದಿರು, ಮಡಿಲಲ್ಲಿ ನಾನು. ಇಷ್ಟೂ ಜನ ದೊಡ್ಡಪ್ಪನ ಪದ್ಮಿನಿ ಕಾರಿನಲ್ಲಿ ಉಡುಪಿಯಿಂದ ಚಿಕ್ಕಮಗಳೂರಿಗೆ ಹೊರಟದ್ದು. ಬೆಳಗ್ಗೆ ನಾಲ್ಕಕ್ಕೆ ಮನೆ ಬಿಟ್ಟು ಕಾರ್ಕಳ, ಬೆಳ್ತಂಗಡಿ, ಉಜಿರೆ ದಾಟಿ ಬೆಳಕು ಹರಿಯುವಾಗ ಚಾರ್ಮಾಡಿ ಘಾಟಿಯಲ್ಲಿ ಇದ್ದರಂತೆ.

ಅಮ್ಮನ ಪ್ರಕಾರ ಅಲ್ಲಿ ಹಿಮ ಬಿದ್ದಿತ್ತು. ರಸ್ತೆ ಕಾಣುತ್ತಿರಲಿಲ್ಲ, ಎಲ್ಲ ಬಿಳಿ, ಕಾರಿನ ಬಾನೆಟ್ ಮೇಲೂ ಬಿಳಿ. ಸಾಕ್ಷಿಗೆ ಫೋಟೋ ಬೇರೆ ಉಂಟು. ದೊಡ್ಡಪ್ಪ ಮಂಕಿ ಕ್ಯಾಪ್ ಹಾಕಿ ಕಾರಿಗೆ ಒರಗಿ ನಿಂತಿದ್ದಾರೆ, ಬಾನೆಟ್ ಮೇಲೆ ನಿಜವಾಗಿಯೂ ಬಿಳಿ ಬಿಳಿ ಚುಕ್ಕೆ. ಅಣ್ಣನಿಗೆ ಆಗ ಒಂಬತ್ತು ವರ್ಷ. ಅವನು ಉಜಿರೆಯಿಂದಲೇ ವಾಂತಿ ಶುರು ಮಾಡಿದ್ದ, ಅವನಿಗೆ ನೆನಪಿರುವುದು ಪ್ಲಾಸ್ಟಿಕ್ ತೊಟ್ಟೆ ಮಾತ್ರ.

ಈಗ ನನ್ನ ಏಳು ವರ್ಷದ ಮಗಳು ಶಾಲೆಗೆ ಹೋಗಿ "ನಮ್ಮ ಅಜ್ಜಿ ಚಾರ್ಮಾಡಿಯಲ್ಲಿ ಹಿಮ ನೋಡಿದ್ದಾರೆ" ಎಂದು ಹೇಳಿ ಬಂದಿದ್ದಾಳೆ. ಇಡೀ ಕ್ಲಾಸ್ ನಕ್ಕಿತಂತೆ. ಅಳುತ್ತಾ ಮನೆಗೆ ಬಂದಳು. ಅಮ್ಮನಿಗೆ ಸಿಟ್ಟು. ಹೇಳಿ, ನಮ್ಮ ಕಡೆ ಹಿಮ ಬೀಳಲು ಸಾಧ್ಯ ಉಂಟಾ?

ಬೊಂಡ_ಶರ್ಬತ್
ಇಲ್ಲ.

ಪೆರ್ಡೂರು_ಮಾಣಿ
ಚಾರ್ಮಾಡಿಯಲ್ಲಿ ಹಿಮವಾ! ಹಾಗಾದರೆ ಮಲ್ಪೆ ಬೀಚಲ್ಲಿ ಪೆಂಗ್ವಿನ್ ಉಂಟು ಮಾರಾಯ್ರೆ.

ಕುಡ್ಲದ_ಬಾಯಮ್ಮ
ಪಾಪ, ಅಮ್ಮನಿಗೆ ತಮಾಷೆ ಮಾಡಬೇಡಿ. ಅದು ಮಂಜು. ಡಿಸೆಂಬರ್‌ನಲ್ಲಿ ಬೆಳಗ್ಗೆ ಘಾಟಿ ಹತ್ತಿದವರಿಗೆಲ್ಲ ಗೊತ್ತು, ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಘಾಟಿ_ಡ್ರೈವರ್
ಬಾಯಮ್ಮ ಹೇಳಿದ್ದೇ ಸರಿ. ನಾನು 22 ವರ್ಷದಿಂದ ಟೂರಿಸ್ಟ್ ಗಾಡಿ ಓಡಿಸುತ್ತಿದ್ದೇನೆ. ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ, ನಾಲ್ಕೂ ನನಗೆ ಅಂಗೈ ಗೆರೆ ಇದ್ದ ಹಾಗೆ. ಹಿಮ ಕಂಡಿಲ್ಲ. ಮಂಜು ಮಾತ್ರ ಕಂಡಷ್ಟು ಸಾಕಾಗಿದೆ.

ಮೂಡಿಗೆರೆ_ತೋಟದವ
ಡಿಸೆಂಬರ್ ಎಂದಿದ್ದೀರಿ, ಖಂಡಿತವಾ? ಮಾರ್ಚ್ ಆಗಿರಬಹುದಾ? ಯಾಕೆ ಕೇಳಿದೆ ಅಂದರೆ, ಹೂ ಮಳೆ ಬಿದ್ದು ಎಂಟು ಒಂಬತ್ತು ದಿನಕ್ಕೆ ಕಾಫಿ ಗಿಡ ಒಟ್ಟಿಗೇ ಹೂ ಬಿಡುತ್ತದೆ. ಕೊಟ್ಟಿಗೆಹಾರ ದಾಟಿ ಮೂಡಿಗೆರೆ ಕಡೆ ಬಂದರೆ ರಸ್ತೆಯ ಎರಡೂ ಬದಿ ಗಿಡದ ಮೇಲೆ ಹಿಮ ಸುರಿದ ಹಾಗೇ ಕಾಣುತ್ತದೆ. ಮಲ್ಲಿಗೆಯ ಹಾಗೆ ಪರಿಮಳ. ಕರಾವಳಿಯ ನೆಂಟರು ಮೊದಲ ಸಲ ಬಂದಾಗ ಬಾಯಿ ಬಿಟ್ಟು ನೋಡುತ್ತಾರೆ.

ಕಡಿಯಾಳಿ_ಕಿರಿಯ
ಇಲ್ಲ ಅಣ್ಣ, ಡಿಸೆಂಬರೇ. ಕ್ರಿಸ್‌ಮಸ್ ರಜೆ ಅಂತ ಅಕ್ಕನಿಗೆ ಸರಿಯಾಗಿ ನೆನಪು ಉಂಟು. ಪಕ್ಕದ ಮನೆಯವರು ಕೊಟ್ಟ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ಡಬ್ಬಿ ಕಾರಲ್ಲೇ ಖಾಲಿ ಆಯಿತಂತೆ. ಅಣ್ಣನ ವಾಂತಿಗೆ ಅದೂ ಒಂದು ಕಾರಣ.

ಕುಡ್ಲದ_ಬಾಯಮ್ಮ
ನೆವ್ರಿ ತಿಂದು ಘಾಟಿ ಹತ್ತಿದರೆ ಮತ್ತೇನಾಗುತ್ತದೆ! ಎಣ್ಣೆಯಲ್ಲಿ ಕರಿದದ್ದು. ನಮ್ಮಲ್ಲಿ ಘಾಟಿ ಮುಗಿಯುವವರೆಗೆ ಡಬ್ಬಿ ಮುಚ್ಚಳ ತೆಗೆಯಲು ಬಿಡುತ್ತಿರಲಿಲ್ಲ. ಕೈಗೆ ಒಂದು ಲಿಂಬೆಹಣ್ಣು, ಹೊಟ್ಟೆಗೆ ಪೇಪರ್. ಹೌದು, ಹೊಟ್ಟೆಯ ಮೇಲೆ ಅಂಗಿಯ ಒಳಗೆ ನ್ಯೂಸ್ ಪೇಪರ್ ಮಡಚಿ ಇಡುತ್ತಿದ್ದರು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ನನಗಂತೂ ವಾಂತಿ ಬಂದದ್ದೇ, ಅಂಗಿಗೆ ಶಾಯಿ ಅಂಟಿದ್ದು ಮಾತ್ರ ಲಾಭ.

ಲೆಕ್ಕದ_ಮೇಷ್ಟ್ರು
ಸ್ವಲ್ಪ ಲೆಕ್ಕ ಮಾಡೋಣ. ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆ ಆಗುತ್ತದೆ. ಮಂಗಳೂರಲ್ಲಿ ಡಿಸೆಂಬರ್ ಬೆಳಗ್ಗೆ 20 ಡಿಗ್ರಿ ಎಂದು ಇಟ್ಟುಕೊಳ್ಳಿ. ರಾಜ್ಯದಲ್ಲೇ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಅಲ್ಲಿಗೆ ಹನ್ನೆರಡೂವರೆ ಡಿಗ್ರಿ ಕಳೆಯಿರಿ. ಉಳಿಯುವುದು ಏಳೂವರೆ. ಚಾರ್ಮಾಡಿ ಅದಕ್ಕಿಂತ ಎಷ್ಟೋ ಕೆಳಗೆ. ಹಿಮ ಬೀಳಬೇಕಾದರೆ ಸೊನ್ನೆಯ ಹತ್ತಿರ ಹೋಗಬೇಕು, ಮೋಡವೂ ಇರಬೇಕು. ನಮ್ಮ ಚಳಿಗಾಲ ಒಣ. ಚಳಿ ಇದ್ದಾಗ ಮೋಡ ಇಲ್ಲ, ಮೋಡ ಇದ್ದಾಗ ಚಳಿ ಇಲ್ಲ.

ಪೆರ್ಡೂರು_ಮಾಣಿ
ಮೇಷ್ಟ್ರೇ, ಊಟಿಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಜನವರಿಯಲ್ಲಿ ಬೆಳಗ್ಗೆ ಆರೂವರೆಗೆ ಮೈದಾನ ಪೂರ್ತಿ ಬೆಳ್ಳಗೆ. ಕೈಯಲ್ಲಿ ಕೆರೆದು ಉಂಡೆ ಮಾಡಿ ಭಾವನ ಬೆನ್ನಿಗೆ ಹಾಕಿದೆ. ಅದು ಹಿಮ ಅಲ್ಲದೆ ಮತ್ತೆಂತ?

ಲೆಕ್ಕದ_ಮೇಷ್ಟ್ರು
ಅದು ಬಿದ್ದದ್ದಲ್ಲ, ಹುಲ್ಲಿನ ಮೇಲೇ ಹುಟ್ಟಿದ್ದು. ಊಟಿ 2,240 ಮೀಟರ್. ರಾತ್ರಿ ಆಕಾಶ ಶುಭ್ರ ಇದ್ದು ಗಾಳಿ ನಿಂತರೆ ನೆಲದ ಬಿಸಿ ಎಲ್ಲ ಮೇಲೆ ಹೋಗುತ್ತದೆ. ಹುಲ್ಲು ಸೊನ್ನೆಗಿಂತ ಕೆಳಗೆ ತಣಿದು ಗಾಳಿಯ ತೇವ ಅದರ ಮೇಲೆ ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಮಾಯ. ಉಂಡೆ ಮಾಡಲು ಎಷ್ಟು ಹೊತ್ತು ಕೆರೆದಿರಿ ಹೇಳಿ ನೋಡುವ?

ಪೆರ್ಡೂರು_ಮಾಣಿ
ಅರ್ಧ ಗಂಟೆ. ಉಂಡೆ ಲಿಂಬೆಹಣ್ಣಿನಷ್ಟು. ಆಯ್ತು, ಸೋತೆ.

ಜೋಕಾಲಿ
ಯಾರೂ ಆಲಿಕಲ್ಲಿನ ಸುದ್ದಿ ತೆಗೆಯಲಿಲ್ಲ. ಬಾನೆಟ್ ಮೇಲೆ ಬಿಳಿ ಎಂದರೆ ಅದೇ ಇರಬೇಕು.

ಮೂಡಿಗೆರೆ_ತೋಟದವ
ಆಲಿಕಲ್ಲು ನಮ್ಮಲ್ಲಿ ಮಾರ್ಚ್‌ನಿಂದ ಮೇ ಒಳಗೆ, ಗುಡುಗು ಮಳೆ ಜೊತೆ, ಹೆಚ್ಚಾಗಿ ಮಧ್ಯಾಹ್ನ ಮೇಲೆ. ಡಿಸೆಂಬರ್ ಬೆಳಗ್ಗೆ ನಾನು ನೋಡಿಲ್ಲ. ಬಿದ್ದರೆ ಪದ್ಮಿನಿಯ ಟಾಪ್ ಗುಳಿ ಬೀಳುತ್ತಿತ್ತು, ದೊಡ್ಡಪ್ಪ ನಗುತ್ತಾ ಫೋಟೋಗೆ ನಿಲ್ಲುತ್ತಿರಲಿಲ್ಲ.

ವಿನ್ನಿಪೆಗ್_ಭಟ್ರು
ನಿಜವಾದ ಹಿಮದಲ್ಲಿ ಹದಿನಾಲ್ಕು ವರ್ಷದಿಂದ ಬದುಕುತ್ತಿರುವವನು ನಾನು, ಮೂಲ ಮನೆ ಕಾಪು. ನನ್ನದೂ ಸ್ವಲ್ಪ ಕೇಳಿ.

ಇಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಜನವರಿಯಲ್ಲಿ ಮೈನಸ್ 30 ಎಂದರೆ ಸುದ್ದಿಯೇ ಅಲ್ಲ. ಮೈನಸ್ 40 ಮುಟ್ಟಿದರೆ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳುವುದೇ ಬೇಡ, ಎರಡೂ ಒಂದೇ. ಕಾರಿನ ಮೂತಿಯಿಂದ ಒಂದು ವಯರ್ ನೇತಾಡುತ್ತಿರುತ್ತದೆ, ರಾತ್ರಿ ಅದನ್ನು ಪ್ಲಗ್‌ಗೆ ಹಾಕಿ ಮಲಗಬೇಕು. ಎಂಜಿನ್ ಬಿಸಿ ಇರಲಿ ಅಂತ. ನನ್ನ ಅಪ್ಪ ಮೊದಲ ಸಲ ಬಂದಾಗ ಅದನ್ನು ನೋಡಿ "ಕಾರಿಗೂ ಮೊಬೈಲ್ ಹಾಗೆ ಚಾರ್ಜ್ ಹಾಕುವುದಾ" ಎಂದರು. ಆಗ ಕರೆಂಟ್ ಕಾರು ಇಷ್ಟು ಬಂದಿರಲಿಲ್ಲ.

ಅಮ್ಮನದ್ದು ಇನ್ನೂ ಚಂದ. ಮೊದಲ ಹಿಮ ಬಿದ್ದ ರಾತ್ರಿ ಅವರು ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂತರು. ಸೀರೆ, ಅದರ ಮೇಲೆ ನನ್ನ ಜಾಕೆಟ್, ತಲೆಗೆ ಶಾಲು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಇಷ್ಟು ಬೀಳುತ್ತದೆ, ಸದ್ದೇ ಇಲ್ಲ ಅಲ್ವಾ?" ನನಗೆ ಅದು ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ನಮ್ಮ ಊರಲ್ಲಿ ಹಂಚಿನ ಮಾಡಿಗೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ಇಲ್ಲಿ ಬೆಳಗ್ಗೆ ಎದ್ದರೆ ಮೊಣಕಾಲು ಮಟ್ಟ ಬಿದ್ದಿರುತ್ತದೆ, ರಾತ್ರಿ ಒಂದು ಚಿಟಿಕೆ ಸದ್ದಿಲ್ಲ. ಅದರ ಮೇಲೆ ನಡೆದರೆ ಮಾತ್ರ ಸದ್ದು. ಚಳಿ ಜಾಸ್ತಿ ಇದ್ದ ದಿನ ಕಿರ್ ಕಿರ್ ಎನ್ನುತ್ತದೆ, ಗಟ್ಟಿ ಅವಲಕ್ಕಿಯ ಮೇಲೆ ಕಾಲಿಟ್ಟ ಹಾಗೆ.

ಹಾಗಾಗಿ ಕಿರಿಯರೇ, ನಿಮ್ಮ ಅಮ್ಮನ ಹತ್ತಿರ ಒಂದೇ ಪ್ರಶ್ನೆ ಕೇಳಿ. ಸದ್ದು ಇತ್ತಾ?

ಕುಡ್ಲದ_ಬಾಯಮ್ಮ
ಭಟ್ರೆ, ಓದಿ ನನಗೂ ಕಿಟಕಿ ಹತ್ತಿರ ಕೂತ ಹಾಗಾಯಿತು. ನಾನು ನೋಡಿದ ಹಿಮ ದುಬೈ ಮಾಲ್ ಒಳಗಿನದ್ದು, ಮಗಳು ಕರೆದುಕೊಂಡು ಹೋಗಿದ್ದಳು. ಹೊರಗೆ 41 ಡಿಗ್ರಿ, ಒಳಗೆ ಸೊನ್ನೆಗಿಂತ ಕೆಳಗೆ. ಬಾಡಿಗೆ ಜಾಕೆಟ್ ಹಾಕಿ ಹತ್ತು ನಿಮಿಷ ನಿಂತು ಹೊರಗೆ ಬಂದರೆ ಕನ್ನಡಕ ಪೂರ್ತಿ ಮಂಜಾಗಿ ಲಿಫ್ಟ್ ಎಲ್ಲಿ ಅಂತ ಕಾಣಲಿಲ್ಲ.

ನಿವೃತ್ತ_ಸುಬೇದಾರ್
ಹಿಮ ಎಂದರೆ ನಮ್ಮನ್ನು ಕೇಳಬೇಕು. ದ್ರಾಸ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಚಕ್ರಕ್ಕೆ ಸರಪಳಿ ಕಟ್ಟಿದ ಲಾರಿಗಳು ಸಾಲಾಗಿ ಹೋಗುವಾಗ ಬರುವ ಝಣ ಝಣ ಇನ್ನೂ ಕಿವಿಯಲ್ಲಿ ಉಂಟು. ಡೀಸೆಲ್ ಗಟ್ಟಿಯಾಗುತ್ತಿತ್ತು, ಟ್ಯಾಂಕಿನ ಕೆಳಗೆ ಬೆಂಕಿ ಹಿಡಿದು ಕರಗಿಸಬೇಕು. ಈಗ 2019ರಿಂದ ಲಡಾಖ್‌ಗೆ ಅಂತ ಚಳಿಗಾಲದ ಡೀಸೆಲ್ ಬಂದಿದೆ, ಮೈನಸ್ 33ರ ವರೆಗೂ ಹೆಪ್ಪುಗಟ್ಟುವುದಿಲ್ಲ.

ಆಮೇಲೆ ಶ್ರೀನಗರಕ್ಕೆ ವರ್ಗ ಆಯಿತು. 2001ರ ಜನವರಿಯಲ್ಲಿ ಮನೆಯವರು, ಮಗ ಬಂದರು. ಉಡುಪಿಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿ, ಅಲ್ಲಿಂದ ಜಮ್ಮು, ಮತ್ತೆ ರಸ್ತೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಕ್ಕೆ ಚಿಲ್ಲೈ ಕಲಾನ್ ಎನ್ನುತ್ತಾರೆ, ಚಳಿಯ ಗಟ್ಟಿ ಕಾಲ. ಆ ದಿನಗಳಲ್ಲೇ ಬಂದದ್ದು. ಜವಾಹರ್ ಸುರಂಗದ ಈಚೆ ಒಣ ಗುಡ್ಡ. ಒಳಗೆ ಕತ್ತಲೆ. ಆಚೆ ಬಾಯಿಂದ ಹೊರಗೆ ಬಂದ ಕೂಡಲೇ ಇಡೀ ಕಣಿವೆ ಬಿಳಿ. ಮಗನಿಗೆ ಆರು ವರ್ಷ. ಕಣ್ಣು ಉಜ್ಜಿಕೊಂಡು ಕೇಳಿದ, "ಅಪ್ಪಾ, ಇಷ್ಟಕ್ಕೆಲ್ಲ ಸುಣ್ಣ ಯಾರು ಬಳಿದದ್ದು?"

ಬೊಂಡ_ಶರ್ಬತ್
😂 ಸುಣ್ಣ ಬೆಸ್ಟ್.

ಘಾಟಿ_ಡ್ರೈವರ್
ಸುಬೇದಾರ್ ಸರ್, ನಿಮಗೊಂದು ಸೆಲ್ಯೂಟ್. ಮಂಜಿಗೆ ಬರುತ್ತೇನೆ. ಈಗಿನ ಹುಡುಗರು ಮಂಜು ಕಂಡ ಕೂಡಲೇ ಹೈ ಬೀಮ್ ಹಾಕುತ್ತಾರೆ. ಬೆಳಕು ಮಂಜಿಗೆ ಬಡಿದು ಅವರ ಕಣ್ಣಿಗೇ ವಾಪಸ್, ಎದುರಿನವನಿಗೂ ಕಾಣುವುದಿಲ್ಲ. ಡಿಪ್ ಹಾಕಿ, ರಸ್ತೆ ಬದಿಯ ಬಿಳಿ ಗೆರೆ ಹಿಡಿದು ಹೋಗಬೇಕು. ಗಾಜು ಇಳಿಸಬೇಕು, ತಿರುವಿನಲ್ಲಿ ಹಾರ್ನ್ ಕೇಳಲಿ ಅಂತ.

ಥಾರ್_ಬಾಯ್
ಗಾಜು ಯಾಕೆ ಇಳಿಸುವುದು? ನಾಲ್ಕೂ ಇಂಡಿಕೇಟರ್ ಹಾಕಿ ಸುಮ್ನೆ ಹೋದರಾಯಿತು. ಎಲ್ಲರಿಗೂ ಕಾಣುತ್ತದೆ.

ಘಾಟಿ_ಡ್ರೈವರ್
ತಮ್ಮಾ, ನಾಲ್ಕೂ ಹಾಕಿದರೆ ನೀನು ಎಡಕ್ಕಾ ಬಲಕ್ಕಾ ಎಂದು ಹಿಂದಿನವನಿಗೆ ಹೇಗೆ ತಿಳಿಯಬೇಕು? ಅದು ಗಾಡಿ ನಿಂತಾಗ ಹಾಕುವುದು.

ಥಾರ್_ಬಾಯ್
ನನ್ನ ಗಾಡಿಯಲ್ಲಿ ಫಾಗ್ ಲ್ಯಾಂಪ್ ಉಂಟು.

ಘಾಟಿ_ಡ್ರೈವರ್
ತಲೆಯಲ್ಲಿ ಫಾಗ್ ಇಲ್ಲದಿದ್ದರೆ ಸಾಕು.

ಜೋಕಾಲಿ
ಹಳೆಯ ಉಪಾಯ ಗೊತ್ತುಂಟಾ? ವೈಪರ್ ಕೈಕೊಟ್ಟರೆ ಬೀಡಿ ಬಿಡಿಸಿ ಹೊಗೆಸೊಪ್ಪನ್ನು ಒದ್ದೆ ಗಾಜಿಗೆ ಉಜ್ಜುವುದು. ನೀರು ಹನಿಹನಿಯಾಗಿ ನಿಲ್ಲದೆ ಹರಡಿಕೊಂಡು ಹೋಗುತ್ತದೆ, ದಾರಿ ಕಾಣುತ್ತದೆ. ಬೀಡಿ ಕಟ್ಟುವ ಊರಿನವರಾದ್ದರಿಂದ ನಮಗೆ ಅದಕ್ಕೇನೂ ಬರ ಇರಲಿಲ್ಲ.

ನೀರ್‌ದೋಸೆ_ಪ್ರಿಯ
ನನ್ನ ಕಥೆ ಶಿರಾಡಿಯದ್ದು. 1993 ಇರಬೇಕು, ಅತ್ತೆಯ ಮಗಳ ಮದುವೆ ಮುಗಿಸಿ ಹಾಸನದಿಂದ ಮಂಗಳೂರಿಗೆ ಬರುವಾಗ. ಬಾಡಿಗೆ ಅಂಬಾಸಿಡರ್. ಸಕಲೇಶಪುರ ದಾಟಿ ಇಳಿಯಲು ಶುರು ಮಾಡಿದಾಗ ರಾತ್ರಿ ಹನ್ನೊಂದು. ಮಂಜು ಎಂದರೆ ಬಾನೆಟ್ಟಿನ ತುದಿ ಕಾಣುತ್ತಿಲ್ಲ. ಡ್ರೈವರ್ ನಿಲ್ಲಿಸಿ, "ಇನ್ನು ನನ್ನಿಂದ ಆಗುವುದಿಲ್ಲ" ಎಂದ. ನಿಂತರೆ ಹಿಂದಿನಿಂದ ಲಾರಿ ಬಂದು ಗುದ್ದುವ ಭಯ.

ಅಪ್ಪ ಏನೂ ಹೇಳದೆ ಇಳಿದರು. ಮದುವೆಗೆಂದು ಉಟ್ಟ ಬಿಳಿ ಮುಂಡು, ಹೆಗಲ ಮೇಲೆ ಬಿಳಿ ಶಾಲು. ಎರಡು ಸೆಲ್ಲಿನ ಟಾರ್ಚ್ ಹಿಡಿದು, ಕಾರಿನ ಮುಂದೆ ನಾಲ್ಕು ಮಾರು ದೂರದಲ್ಲಿ ರಸ್ತೆಯ ಎಡ ಅಂಚು ಹಿಡಿದು ನಡೆಯಲು ಶುರು ಮಾಡಿದರು. ಕಾರು ಫಸ್ಟ್ ಗೇರಲ್ಲಿ ಹಿಂದೆ. ನಾನು ಮುಂದಿನ ಸೀಟಲ್ಲಿ ಅಮ್ಮನ ಮಡಿಲಲ್ಲಿದ್ದೆ. ಕಾಣುತ್ತಿದ್ದದ್ದು ಎರಡು ಹಿಮ್ಮಡಿ ಮತ್ತು ಮುಂಡಿನ ಅಂಚು. ಒಮ್ಮೆ ಮಂಜು ದಟ್ಟ ಆಗಿ ಅವು ಕೂಡ ಮಾಯ. ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ "ಓಯ್, ಇದ್ದೀರಾ?" ಎಂದರು. ಮಂಜಿನ ಒಳಗಿನಿಂದ "ಇದ್ದೇನೆ, ಬನ್ನಿ" ಎಂದು ಕೇಳಿತು. ಇಡೀ ಘಾಟಿ ಹಾಗೇ. ಓಯ್, ಇದ್ದೀರಾ. ಇದ್ದೇನೆ, ಬನ್ನಿ.

ಗುಂಡ್ಯಕ್ಕೆ ಬಂದು ಚಾ ಕುಡಿಯುವಾಗ ನೋಡಿದರೆ ಅಪ್ಪನ ಒಂದು ಕಾಲಲ್ಲಿ ಚಪ್ಪಲಿಯೇ ಇಲ್ಲ. ಎಲ್ಲಿ ಹೋಯಿತು ಅಂತ ಅವರಿಗೇ ಗೊತ್ತಿಲ್ಲ.

ಕುಡ್ಲದ_ಬಾಯಮ್ಮ
ಅಯ್ಯೋ ದೇವರೇ. ರೋಮ ಎದ್ದು ನಿಂತಿತು.

ಥಾರ್_ಬಾಯ್
ಸರಿ, ನಾನಿನ್ನು ಹೈ ಬೀಮ್ ಹಾಕುವುದಿಲ್ಲ.

ಪೆರ್ಡೂರು_ಮಾಣಿ
ಚಳಿ ಎಂದ ಕೂಡಲೇ ನನಗೆ ಉಡುಪಿ ಕೃಷ್ಣ ಮಠದ ಪರ್ಯಾಯ ಉತ್ಸವದ ನೆನಪು. ಎರಡು ವರ್ಷಕ್ಕೊಮ್ಮೆ ಜನವರಿ 18, ಬೆಳಗಿನ ಜಾವ ಜೋಡುಕಟ್ಟೆಯಿಂದ ಮೆರವಣಿಗೆ. 20 ಡಿಗ್ರಿಗೆ ನಮ್ಮ ಅಜ್ಜ ಸ್ವೆಟರ್, ಮಫ್ಲರ್, ಕಾಲುಚೀಲ, ಅದರ ಮೇಲೆ ಚಪ್ಪಲಿ.

ವಿನ್ನಿಪೆಗ್_ಭಟ್ರು
20 ಡಿಗ್ರಿ ಆದರೆ ಇಲ್ಲಿ ಜನ ಬನಿಯನ್ನಲ್ಲಿ ಓಡಾಡುತ್ತಾರೆ. ನಾನು ಊರಿಗೆ ಬಂದಾಗ ಮಾತ್ರ ಎರಡೇ ದಿನಕ್ಕೆ ಮಫ್ಲರ್ ಹುಡುಕುತ್ತೇನೆ. ಅದು ಯಾಕೋ ಗೊತ್ತಿಲ್ಲ.

ಅಡ್ಮಿನ್
ಪರ್ಯಾಯಕ್ಕೆ ಬೇರೆ ಚರ್ಚೆ ಉಂಟು, ದಯವಿಟ್ಟು ಅಲ್ಲಿಗೆ ಹೋಗಿ. ಕಿರಿಯರೇ, ಸದ್ದು ಇತ್ತಂತಾ?

ಕಡಿಯಾಳಿ_ಕಿರಿಯ
ಕೇಳಿದೆ. ಅಮ್ಮ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಸದ್ದು ಇತ್ತಂತೆ. ಕಾರು ನಿಲ್ಲಿಸಿದಾಗ ಟಾಪ್ ಮೇಲೆ ಟಪ್ ಟಪ್ ಅಂತ ಬೀಳುತ್ತಿತ್ತಂತೆ. ಆದರೆ ಮಳೆ ಅಲ್ಲ. ಕೈ ಹೊರಗೆ ಚಾಚಿದರೆ ಕೆಲವು ಕಡೆ ಬೀಳುತ್ತಿತ್ತು, ಕೆಲವು ಕಡೆ ಇಲ್ಲ.

ಮೂಡಿಗೆರೆ_ತೋಟದವ
ಸಿಕ್ಕಿತು! ಕಾರು ಮರದ ಕೆಳಗೆ ನಿಂತಿತ್ತು. ದಟ್ಟ ಮಂಜು ಎಲೆಗೆ ಹಿಡಿದು ನೀರಾಗಿ ತೊಟ್ಟಿಕ್ಕುತ್ತದೆ. ನಮ್ಮ ತೋಟದಲ್ಲಿ ಬೆಳಗ್ಗೆ ಏಳರವರೆಗೆ ಅದೇ ಸದ್ದು. ಮರದ ಕೆಳಗೆ ಮಳೆ, ಬಯಲಲ್ಲಿ ಒಣಕಲು.

ಲೆಕ್ಕದ_ಮೇಷ್ಟ್ರು
ಒಪ್ಪಿದೆ. ಇನ್ನು ಪದದ ವಿಷಯ. ಅಮ್ಮ ಮನೆಯಲ್ಲಿ ತುಳು ಮಾತಾಡುತ್ತಾರಾ? ತುಳುವಿನಲ್ಲಿ "ಮೈಂದ್" ಎಂದರೆ ಮಂಜು, ಇಬ್ಬನಿ. ಕನ್ನಡದ "ಮಂಜು" ಇನ್ನೂ ತರಲೆ. ಫಾಗಿಗೂ ಅದೇ, ಕೆಲವರಿಗೆ ಇಬ್ಬನಿಗೂ ಅದೇ, ಟಿವಿಯವರು ಹಿಮಾಲಯದ್ದಕ್ಕೂ ಅದನ್ನೇ ಹೇಳುತ್ತಾರೆ. ಅದಕ್ಕೆ ಗಡ್ಡೆ ಸೇರಿಸಿದರೆ ಐಸ್.

ಕಡಿಯಾಳಿ_ಕಿರಿಯ
ಹೌದು ಮೇಷ್ಟ್ರೇ, ತುಳುವೇ! ಮೊದಲೆಲ್ಲ ಮೈಂದ್ ಎಂದೇ ಹೇಳುತ್ತಿದ್ದರು. ಮಗಳಿಗೆ ಕಥೆ ಹೇಳುವಾಗ ನಾನೇ "ಹಿಮ" ಮಾಡಿದೆನೋ ಏನೋ. ಆದರೆ ಬಾನೆಟ್ ಮೇಲಿನ ಬಿಳಿ ಚುಕ್ಕೆ? ಮಂಜಿಗೆ ಚುಕ್ಕೆ ಇರುತ್ತದಾ?

ಸ್ಟುಡಿಯೋ_ಮಗ
ಆ ಫೋಟೋ ಅಂಟು ಪುಟದ ಆಲ್ಬಮ್‌ನಲ್ಲಿ ಉಂಟಾ, ಮೇಲೆ ಪ್ಲಾಸ್ಟಿಕ್ ಹಾಳೆ ಇರುವಂಥದ್ದು? ಚುಕ್ಕೆ ಬಾನೆಟ್ ಮೇಲೆ ಮಾತ್ರವಾ, ಆಕಾಶದ ಮೇಲೂ ಉಂಟಾ? ಸರಿಯಾಗಿ ನೋಡಿ.

ಕಡಿಯಾಳಿ_ಕಿರಿಯ
ಅಂಟು ಆಲ್ಬಮ್ಮೇ. ನೋಡಿದೆ. ದೊಡ್ಡಪ್ಪನ ಮಂಕಿ ಕ್ಯಾಪ್ ಮೇಲೂ ಉಂಟು. ಮೇಲಿನ ಮೂಲೆಯಲ್ಲಿ ಅಂಚು ದಾಟಿ ಬಿಳಿ ಬಾರ್ಡರಿನ ಮೇಲೂ ಕಾಣುತ್ತದೆ.

ಸ್ಟುಡಿಯೋ_ಮಗ
ಹಾಗಾದರೆ ಅದು ಬೂಷ್ಟು ಅಣ್ಣ. ಫಂಗಸ್. ಅಪ್ಪನ ಸ್ಟುಡಿಯೋದಲ್ಲಿ ಇದನ್ನು ನೋಡುತ್ತಲೇ ಬೆಳೆದವನು ನಾನು. ಹಳೆಯ ಫೋಟೋದ ಮೇಲ್ಪದರ ಜೆಲಟಿನ್, ಬೂಷ್ಟಿಗೆ ಅದು ಒಳ್ಳೆಯ ಊಟ. ನಮ್ಮ ನಾಲ್ಕು ತಿಂಗಳ ಮಳೆಗೆ ಕಪಾಟಿನ ಚಪ್ಪಲಿಗೇ ಬೂಷ್ಟು ಬರುತ್ತದೆ, ಫೋಟೋವನ್ನು ಬಿಡುತ್ತದಾ?

ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೊದಲು ಹಾಗೇ ಸ್ಕ್ಯಾನ್ ಮಾಡಿ ಇಡಿ. ಆಮೇಲೆ ಒಂದು ಸಪೂರ ನೂಲನ್ನು ಫೋಟೋದ ಹಿಂದೆ ಗರಗಸದ ಹಾಗೆ ಆಡಿಸಿ ಅಂಟು ಬಿಡಿಸಿ. ಎಳೆಯಬೇಡಿ. ಒಣ ಜಾಗದಲ್ಲಿ ಇಟ್ಟು ಮೆತ್ತನೆ ಬ್ರಷ್‌ನಲ್ಲಿ ಹಗುರವಾಗಿ ಒರೆಸಿ. ಇಡುವ ಡಬ್ಬಿಗೆ ಹೊಸ ಶೂ ಜೊತೆ ಬರುವ ಸಿಲಿಕಾ ಪೊಟ್ಟಣ ಹಾಕಿ.

ಕಡಿಯಾಳಿ_ಕಿರಿಯ
ಸ್ವಲ್ಪ ತಡ ಆಯಿತು ಮಾರಾಯ್ರೆ.

ನಾನು ಇಲ್ಲಿ ಟೈಪ್ ಮಾಡುತ್ತಿದ್ದಾಗ ಅಣ್ಣ ಬೂಷ್ಟು ಎಂದು ಗೊತ್ತಾದ ಕೂಡಲೇ ಒದ್ದೆ ಬಟ್ಟೆ ತಂದು ಒರೆಸಿಯೇಬಿಟ್ಟ. ಬಾನೆಟ್ ಮೇಲಿನ ಬಿಳಿ ಹೋಯಿತು. ಜೊತೆಗೆ ದೊಡ್ಡಪ್ಪನ ಮೂಗು, ಅರ್ಧ ಮಂಕಿ ಕ್ಯಾಪ್ ಕೂಡ ಹೋಯಿತು. ಅಣ್ಣ ಬೆಪ್ಪಾಗಿ ಕೂತಿದ್ದಾನೆ.

ಅಮ್ಮ ಬಂದು ಫೋಟೋ ಎತ್ತಿ ನೋಡಿದರು. "ನೋಡಿದಿಯಾ, ಹಿಮವೇ. ಮುಟ್ಟಿದ ಕೂಡಲೇ ಕರಗಿತಲ್ಲ" ಎಂದು ಹೇಳಿ ಒಳಗೆ ಹೋದರು.

ವಿನ್ನಿಪೆಗ್_ಭಟ್ರು
ನಿಮ್ಮ ಅಮ್ಮನಿಗೆ ನನ್ನದೊಂದು ನಮಸ್ಕಾರ ಹೇಳಿ.

ಸ್ಟುಡಿಯೋ_ಮಗ
ನೆಗೆಟಿವ್ ಇದೆಯಾ ಹುಡುಕಿ. ಆಲ್ಬಮ್‌ನ ಹಿಂದಿನ ರಟ್ಟಿನ ಜೇಬಿನಲ್ಲಿ ಇಡುತ್ತಿದ್ದರು. ಸಿಕ್ಕಿದರೆ ದೊಡ್ಡಪ್ಪನ ಮೂಗು ವಾಪಸ್ ಬರುತ್ತದೆ.

ಕಡಿಯಾಳಿ_ಕಿರಿಯ
ಹುಡುಕುತ್ತೇನೆ. ಭಾನುವಾರ ಅಮ್ಮನನ್ನು, ಮಗಳನ್ನು ಕರೆದುಕೊಂಡು ಬೆಳಗ್ಗೆ ನಾಲ್ಕಕ್ಕೆ ಅದೇ ದಾರಿಯಲ್ಲಿ ಹೋಗುವ ಅಂತ ಉಂಟು. ಅಣ್ಣ ಬರುವುದಿಲ್ಲವಂತೆ.

ನೀರ್‌ದೋಸೆ_ಪ್ರಿಯ
ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಬರಬೇಡಿ.

ಕುಡ್ಲದ_ಬಾಯಮ್ಮ
ಮಗುವಿಗೆ ಲಿಂಬೆಹಣ್ಣು ಹಿಡಿಸಿ. ಪೇಪರ್ ಬೇಡ.

ಘಾಟಿ_ಡ್ರೈವರ್
ಡಿಪ್ ಹಾಕಿ.